ಜೀಪಿನ ಬುಷ್: ಎಲ್ಲಿಗೆ ರಬ್ಬರ್, ಎಲ್ಲಿಗೆ ಪಿಯು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಕಳೆದು ಘಟ್ಟದ ರಸ್ತೆಗಳು ಒಣಗುತ್ತಿದ್ದಂತೆ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆಯ ಗ್ಯಾರೇಜುಗಳ ಮುಂದೆ ಜೀಪು, ಜಿಪ್ಸಿ, ಥಾರ್, ಬೊಲೆರೊಗಳು ಸಾಲು ಹಿಡಿಯುತ್ತವೆ. ದೂರು ಹೆಚ್ಚುಕಡಿಮೆ ಒಂದೇ. ಗುಂಡಿಗಿಳಿದರೆ ಅಡಿಯಲ್ಲಿ ಲೊಟಲೊಟ, ಬ್ರೇಕ್ ಒತ್ತಿದರೆ ಟಕ್ ಎಂಬ ಸದ್ದು, ಸ್ಟಿಯರಿಂಗ್ ಒಂದು ಕಡೆ ಎಳೆತ. ಮೆಕ್ಯಾನಿಕ್ ಅಡಿಗೆ ನುಗ್ಗಿ, ಟಾಮಿ ರಾಡ್ ಕೊಟ್ಟು ಮೀಟಿ ನೋಡಿ, ‘ಬುಷ್ ಹೋಗಿದೆ’ ಅನ್ನುತ್ತಾರೆ. ಬುಷ್ ಅಂದರೆ ಗಾಡಿಯಡಿಯ ತೋಳು, ಪ್ಲೇಟು, ಸರಳುಗಳ ಕೀಲಿನಲ್ಲಿ ಕೂರುವ ಉಂಗುರದಂಥ ತುಂಡು. ಆಮೇಲಿನದು ಈಗೀಗ ಎಲ್ಲ ಕಡೆಯೂ ಒಂದೇ ರಾಗ: ‘ಮತ್ತೆ ರಬ್ಬರ್ ಯಾಕೆ ಸಾರ್, ಪಿಯು ಹಾಕ್ಸಿಬಿಡಿ. ಗಾಡಿ ಇರೋವರ್ಗೂ ನೋಡೋ ಹಾಗಿಲ್ಲ.’

ಪಿಯು ಎಂದರೆ ಪಾಲಿಯುರೆಥೇನ್. ವಸ್ತು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಗಾಡಿಯ ಅಡಿಯಲ್ಲಿರುವ ಅಷ್ಟೂ ಬುಷ್‌ಗಳಿಗೆ ಅದೊಂದೇ ಮದ್ದು ಎಂದು ಸೆಟ್ಟುಗಟ್ಟಲೆ ಕೊಂಡು ಬಡಿಸಿಕೊಳ್ಳುವುದು ದುಡ್ಡಿಗೂ ದಂಡ, ಗಾಡಿಗೂ ದಂಡ. ಕೆಲವು ಜಾಗದಲ್ಲಿ ಪಿಯು ರಬ್ಬರಿಗಿಂತ ಬೇಗ ಸವೆಯುತ್ತದೆ. ಇನ್ನು ಕೆಲವು ಜಾಗದಲ್ಲಿ ತಾನು ಗಟ್ಟಿಯಾಗಿ ಉಳಿದು ಚಾಸಿಯ (ಗಾಡಿಯಡಿಯ ಉಕ್ಕಿನ ಚೌಕಟ್ಟಿನ) ಬ್ರಾಕೆಟ್ಟನ್ನೇ ಬಿರುಕು ಬಿಡಿಸುತ್ತದೆ. ಯಾವ ಕೀಲು ಹೇಗೆ ಹೊರಳುತ್ತದೆ ಎಂದು ನೋಡಿ ವಸ್ತು ಆರಿಸಬೇಕು. ಈ ವಿಷಯ ಕನ್ನಡದಲ್ಲಿ ವಿವರವಾಗಿ ಬಂದದ್ದು ಕಡಿಮೆ. ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ, ಜಾಗ ಕೊಡಬೇಕಾಗಿ ವಿನಂತಿ.

ಮೊದಲು ರಬ್ಬರ್ ಬುಷ್ ಒಳಗೆ ಏನಿದೆ ಅಂತ ನೋಡೋಣ. ಕಿತ್ತು ಬಿಸಾಡಿದ ಹಳೆಯದೊಂದನ್ನು ಹ್ಯಾಕ್ಸಾದಲ್ಲಿ ಅಡ್ಡಕ್ಕೆ ಕೊಯ್ದರೆ ಮೂರು ಉಂಗುರ ಕಾಣುತ್ತವೆ. ನಡುವೆ ಬೋಲ್ಟ್ ಹೋಗುವ ದಪ್ಪನೆಯ ಉಕ್ಕಿನ ಕೊಳವೆ, ಹೊರಗೆ ತೆಳ್ಳನೆಯ ಉಕ್ಕಿನ ಚಿಪ್ಪು, ಎರಡರ ನಡುವೆ ರಬ್ಬರ್. ಈ ರಬ್ಬರ್ ಸುಮ್ಮನೆ ತುರುಕಿದ್ದಲ್ಲ, ಒಳಗಿನ ಲೋಹಕ್ಕೂ ಹೊರಗಿನ ಲೋಹಕ್ಕೂ ಬೇಯಿಸಿ ಅಂಟಿಸಿದ್ದು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಚಿಪ್ಪು ತೋಳಿನ (ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಸರಳಿನ) ಕಣ್ಣಿಗೆ, ಅಂದರೆ ತುದಿಯ ದುಂಡು ತೂತಿಗೆ, ಕಚ್ಚಿಕೊಂಡಿರುತ್ತದೆ. ತೋಳು ಮೇಲೆ ಕೆಳಗೆ ಆಡಿದಾಗ ಎಲ್ಲೂ ಯಾವುದೂ ಜಾರುವುದಿಲ್ಲ. ನಡುವಿನ ರಬ್ಬರ್ ತಾನೇ ಹುರಿಗೊಂಡು, ಮತ್ತೆ ಬಿಚ್ಚಿಕೊಳ್ಳುತ್ತದೆ. ಜಾರುವ ಮೈಯೇ ಇಲ್ಲದ್ದರಿಂದ ಗ್ರೀಸ್ ಬೇಡ, ಧೂಳು ಹೊಕ್ಕು ಸವೆಯುವ ಮಾತಿಲ್ಲ, ಕೀಚಲೂ ಇಲ್ಲ. ಗ್ಯಾರೇಜಿನಲ್ಲಿ ಇದನ್ನು ಸೈಲೆಂಟ್ ಬ್ಲಾಕ್ ಎನ್ನುವುದು ಸುಮ್ಮನೆ ಅಲ್ಲ.

ಹಾಗಾದರೆ ಇಷ್ಟು ಬೇಗ ಯಾಕೆ ಹೋಗುತ್ತವೆ? ಬಹುಪಾಲು ಸಲ ತಪ್ಪು ರಬ್ಬರಿನದಲ್ಲ, ಎರಡು ಕೆಟ್ಟ ಅಭ್ಯಾಸಗಳದ್ದು.

ಒಂದನೆಯದು, ಗಾಡಿಯನ್ನು ಜಾಕಿಗೆ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುವುದು. 700 ಮಿ.ಮೀ. ಉದ್ದದ ತೋಳು, ಜಾಕಿ ಮೇಲಿದ್ದಾಗ ಆಕ್ಸಲ್ 150 ಮಿ.ಮೀ. ಕೆಳಗೆ ಜೋತಿದೆ ಎಂದಿಟ್ಟುಕೊಳ್ಳಿ. ತೋಳು ಸುಮಾರು 12 ಡಿಗ್ರಿ ತಿರುಗಿ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ಒಳಗಿನ ಕೊಳವೆಯನ್ನು ಕಚ್ಚಿಸಿ ಗಾಡಿ ಕೆಳಗಿಳಿಸಿದರೆ, ಶೆಡ್ಡಿನಲ್ಲಿ ಸುಮ್ಮನೆ ನಿಂತಾಗಲೂ ರಬ್ಬರ್ 12 ಡಿಗ್ರಿ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಇರುತ್ತದೆ. ಅದರ ಮೇಲೆ ಗುಂಡಿ, ಹಳ್ಳ, ದಿಣ್ಣೆ. ಅಂಥ ಬುಷ್ ಒಂದು ಮಳೆಗಾಲದಲ್ಲೇ ಅಂಟು ಬಿಟ್ಟರೆ ಅಚ್ಚರಿ ಏನಿಲ್ಲ. ಸರಿಯಾದ ಕ್ರಮ ಇಷ್ಟೇ: ಬೋಲ್ಟ್‌ಗಳನ್ನೆಲ್ಲ ಕೈಬಿಗಿಯಷ್ಟು ಹಾಕಿ, ನಾಲ್ಕೂ ಚಕ್ರ ನೆಲಕ್ಕಿಳಿಸಿ, ಗಾಡಿಯನ್ನು ಎರಡು ಸಲ ಒತ್ತಿ ಕುಲುಕಿ, ಹತ್ತು ಅಡಿ ಹಿಂದೆ ಮುಂದೆ ಓಡಿಸಿ, ಆಮೇಲೆ ಅಡಿಗೆ ಹೋಗಿ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟು ಬಿಗಿಯುವುದು. ಲೀಫ್ ಪ್ಲೇಟಿನ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ) ಕಣ್ಣಿನ ಬೋಲ್ಟಿಗೂ ಇದೇ ನಿಯಮ. ಎಸ್ಟೇಟಿನ ಗಾಡಿ ಯಾವಾಗಲೂ ಅರ್ಧ ಲೋಡಿನಲ್ಲೇ ಓಡುವುದಾದರೆ ಆ ಲೋಡ್ ಇಟ್ಟೇ ಬಿಗಿದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷ ಹೆಚ್ಚಿಗೆ ಹಿಡಿಯುವ ಕೆಲಸ. ರ‍್ಯಾಂಪ್ ಅಥವಾ ಗುಂಡಿ ಇಲ್ಲದ ಗ್ಯಾರೇಜಿನಲ್ಲಿ ಮಲಗಿ ಮಾಡಬೇಕು, ಅದಕ್ಕೇ ತಪ್ಪುತ್ತದೆ.

ಎರಡನೆಯದು ಡೀಸೆಲ್ ಸ್ನಾನ. ನೀರಿನಲ್ಲಿ ತೊಳೆದ ಮೇಲೆ ಅಡಿಗೆ ಡೀಸೆಲ್ಲನ್ನೋ ಎಂಜಿನ್ನಿನಿಂದ ಇಳಿಸಿದ ಹಳೆ ಆಯಿಲನ್ನೋ ಸ್ಪ್ರೇ ಮಾಡುವ ಪದ್ಧತಿ ನಮ್ಮ ಎಷ್ಟೋ ಸರ್ವಿಸ್ ಸ್ಟೇಷನ್ನುಗಳಲ್ಲಿ ಇನ್ನೂ ಇದೆ. ತುಕ್ಕು ಹಿಡಿಯಲ್ಲ, ಪ್ಲೇಟು ಸದ್ದು ಮಾಡಲ್ಲ ಎಂಬ ಕಾರಣ. ನೈಸರ್ಗಿಕ ರಬ್ಬರಿಗೆ ಖನಿಜ ತೈಲ ವಿಷ. ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಲೋಹದ ಅಂಟು ಬಿಡುತ್ತದೆ. ಹಾಳಾದ ಬುಷ್ ಕಿತ್ತಾಗ ಬೆರಳಿಗೆ ಕಪ್ಪು ಮಸಿ ಜಿಗುಟಾಗಿ ಅಂಟಿಕೊಂಡರೆ, ಅಂಚು ಅಣಬೆಯ ಹಾಗೆ ಹೊರಗೆ ಉಬ್ಬಿದ್ದರೆ ಅದು ಎಣ್ಣೆಯ ಕೆಲಸ. ರಬ್ಬರ್ ಒಣಗಿ ಗಟ್ಟಿಯಾಗಿ, ಬೇಸಿಗೆಯ ಗದ್ದೆಯಂತೆ ಬಿರಿದಿದ್ದರೆ ವಯಸ್ಸು, ಬಿಸಿಲು, ಸೈಲೆನ್ಸರ್ ಶಾಖ. ಒಳಗಿನ ಕೊಳವೆಯ ಸುತ್ತ ಕತ್ತರಿಸಿದ ಹಾಗೆ ನೀಟಾಗಿ ಸುತ್ತು ಬಿಟ್ಟಿದ್ದರೆ ಜೋತುಬಿಟ್ಟು ಬಿಗಿದದ್ದೇ ಎಂದು ಮೊದಲು ಅನುಮಾನಿಸಿ. ಕಿತ್ತ ಬುಷ್ಷನ್ನು ಬಿಸಾಡುವ ಮೊದಲು ಹೀಗೆ ತಿರುಗಿಸಿ ನೋಡಿದರೆ ಮುಂದಿನದ್ದಕ್ಕೆ ಏನು ಮಾಡಬೇಕು ಅಂತ ಅದೇ ಹೇಳುತ್ತದೆ. ಅಂದಹಾಗೆ, ಪವರ್ ಸ್ಟಿಯರಿಂಗ್ ಪೈಪು ಅಥವಾ ಎಂಜಿನ್ ಸೀಲು ಸೋರಿ ಕೆಳಗಿನ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ, ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಹಾಕಿ ಪ್ರಯೋಜನವಿಲ್ಲ.

ಈಗ ಪಿಯು ವಿಷಯ. ಇದು ಕೆಲಸ ಮಾಡುವ ರೀತಿಯೇ ಬೇರೆ. ಸಾಮಾನ್ಯವಾಗಿ ಟೋಪಿಯಂಥ ಎರಡು ಹೋಳು, ನಡುವೆ ಬಿಡಿಯಾದ ಉಕ್ಕಿನ ಕೊಳವೆ. ಅಂಟಿಸಿದ್ದು ಯಾವುದೂ ಇಲ್ಲ. ಹೋಳುಗಳು ಕೊಳವೆಯ ಮೇಲೆ ಜಾರುತ್ತಾ ತಿರುಗಬೇಕು. ಆದ್ದರಿಂದ ಚಕ್ರ ಜೋತುಬಿಟ್ಟು ಬಿಗಿದರೂ ಇದಕ್ಕೆ ಬಾಧೆಯಿಲ್ಲ. ಪಿಯು ‘ಬಾಳಿಕೆ’ ಬರುತ್ತದೆ ಎಂಬ ಹೆಸರಿಗೆ ಅರ್ಧ ಕಾರಣ ಇದೇ ಇರಬೇಕು. ಫಿಟಿಂಗ್ ತಪ್ಪಿದರೂ ಅದು ಕ್ಷಮಿಸಿಬಿಡುತ್ತದೆ. ಎಣ್ಣೆ, ಡೀಸೆಲ್‌ಗೂ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ.

ಕೊಡುವ ಬೆಲೆಯೂ ಇದೆ. ಜಾರುವ ಮೈ ಎಂದ ಮೇಲೆ ಗ್ರೀಸ್ ಬೇಕು, ಅದೂ ನೀರಿಗೆ ತೊಳೆದುಹೋಗದ ಸಿಲಿಕೋನ್ ಗ್ರೀಸ್. ಕಿಟ್ಟಿನ ಜೊತೆ ಬರುವ ಸಣ್ಣ ಟ್ಯೂಬು ಅದಕ್ಕೇ. ಮಾಮೂಲಿ ಚಾಸಿ ಗ್ರೀಸ್ ಹಚ್ಚಿದರೆ ನಾಲ್ಕು ಹಳ್ಳ ದಾಟುವಷ್ಟರಲ್ಲಿ ಒಣಗಿ ಕಿರ್ ಕಿರ್ ಶುರುವಾಗುತ್ತದೆ. ಒಳಮೈಯಲ್ಲಿ ಗ್ರೀಸ್ ನಿಲ್ಲಲು ಗೀರುಗಳಿರುವ ಬುಷ್ ಸಿಕ್ಕರೆ ಅದನ್ನೇ ಕೊಳ್ಳಿ. ಬಳ್ಳಾರಿ, ಸಂಡೂರು ಕಡೆಯ ಅದಿರಿನ ಕೆಂಧೂಳಿನಲ್ಲಿ ಓಡುವ ಗಾಡಿಗಳಿಗೆ ಇನ್ನೊಂದು ತೊಂದರೆ. ಧೂಳು ಗ್ರೀಸಿನ ಜೊತೆ ಕಲೆತು ವಾಲ್ವ್ ಅರೆಯುವ ಪೇಸ್ಟಿನ ಹಾಗಾಗುತ್ತದೆ, ಕೊಳವೆಯನ್ನೂ ತಿನ್ನುತ್ತದೆ, ಬುಷ್ಷನ್ನೂ ತಿನ್ನುತ್ತದೆ. ಅಲ್ಲಿ ಜಾರುವ ಮೈಯಿಲ್ಲದ ರಬ್ಬರೇ ಲೇಸು.

ಮಲೆನಾಡಿನವರು ಕೇಳಬೇಕಾದ್ದು ಬೇರೆ ಪ್ರಶ್ನೆ. ಪಿಯುನಲ್ಲಿ ಎರಡು ಜಾತಿ, ಪಾಲಿಯೆಸ್ಟರ್ ಮೂಲದ್ದು ಮತ್ತು ಪಾಲಿಈಥರ್ ಮೂಲದ್ದು. ಮೊದಲನೆಯದು ಸವೆತಕ್ಕೆ, ಎಣ್ಣೆಗೆ ಗಟ್ಟಿ. ಆದರೆ ನೀರು ಮತ್ತು ಸೆಖೆ ಸೇರಿದರೆ ಅದರ ಅಣುಸರಪಳಿಯೇ ನಿಧಾನವಾಗಿ ತುಂಡಾಗುತ್ತಾ ಹೋಗುತ್ತದೆ. ಹಳೆಯ ಶೂ ಅಟ್ಟದ ಮೇಲೆ ಇಟ್ಟಲ್ಲೇ ಅಟ್ಟೆ ಪುಡಿಪುಡಿಯಾಗುವುದನ್ನು ನೋಡಿದವರಿಗೆ ಇದು ಗೊತ್ತು. ಎರಡನೆಯದು ನೀರಿಗೆ ತಡೆಯುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಓಡುವ ಗಾಡಿಗೆ ಪಾಲಿಈಥರ್ ಅಲ್ಲದ ಪಿಯು ಹಾಕುವುದು ವ್ಯರ್ಥ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ತಯಾರಕರೇ ಹೇಳಬೇಕು. ಹೇಳಲಾರದವರ ಮಾಲು ಬೇಡ.

ಗಡಸುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಂಪನಿ ಫಿಟಿಂಗಿನ ರಬ್ಬರ್ ಸಾಧಾರಣವಾಗಿ 50ರಿಂದ 70ರ ಒಳಗೆ ಇರುತ್ತದೆ, ಅಂದರೆ ಟೈರಿನ ಬಟನ್ನಿಗೆ ಉಗುರು ಒತ್ತಿದರೆ ಸಿಗುವಷ್ಟು ಅಥವಾ ಅದಕ್ಕಿಂತ ತುಸು ಮೆತ್ತಗೆ. ಪಿಯು 70ರಿಂದ 95ರವರೆಗೂ ಸಿಗುತ್ತದೆ. 95 ಅಂದರೆ ಮಾಲ್‌ನ ತಳ್ಳುಗಾಡಿಯ ಗಾಲಿ. ಅದು ರೇಸ್ ಟ್ರ್ಯಾಕಿಗೆ ಸರಿ, ಕಾಡು ದಾರಿಗೆ ಅಲ್ಲ. ಫೋರ್ ವೀಲ್ ಗಾಡಿಗೆ 70ರಿಂದ 80ರ ಸುತ್ತಮುತ್ತ ಸಾಕು. ಕೆಂಪು ಗಟ್ಟಿ, ಹಳದಿ ಮೆತ್ತಗೆ ಎಂಬ ಅಂಗಡಿ ಮಾತನ್ನು ನಂಬಬೇಡಿ. ಬಣ್ಣ ಬರೀ ಬಣ್ಣ, ಒಬ್ಬೊಬ್ಬ ತಯಾರಕರದ್ದು ಒಂದೊಂದು ಲೆಕ್ಕ.

ಇನ್ನು ಯಾವ ಜಾಗಕ್ಕೆ ಯಾವುದು. ನಿಜವಾದ ವಿಷಯ ಇಲ್ಲಿದೆ.

ಲೀಫ್ ಪ್ಲೇಟಿನ ಕಣ್ಣು ಮತ್ತು ಶ್ಯಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ) ಮೊದಲು. ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳಿಗೆ ನಾಲ್ಕೂ ಮೂಲೆಯಲ್ಲಿ ಪ್ಲೇಟು. ಬೊಲೆರೊ, 2010ರ ಮಾದರಿಯ ಥಾರ್ ಸಿಆರ್‌ಡಿಇಗೆ ಹಿಂದೆ ಮಾತ್ರ. ಒಂದೊಂದು ಪ್ಲೇಟಿಗೆ ಮೂರು ಕೀಲು: ಒಂದು ಕಡೆ ನಿಂತ ಕಣ್ಣು, ಇನ್ನೊಂದು ಕಡೆ ಶ್ಯಾಕಲ್ಲಿನ ಕೆಳಗೆ ಒಂದು, ಮೇಲೆ ಒಂದು. ನಾಲ್ಕು ಪ್ಲೇಟಿನ ಗಾಡಿಗೆ ಒಟ್ಟು ಹನ್ನೆರಡು ಜಾಗ. ಇಲ್ಲಿ ಹೊರಳಾಟ ಹೆಚ್ಚಾಗಿ ಒಂದೇ ಅಕ್ಷದ ಸುತ್ತ, ಬಾಗಿಲ ತಿರುಗಣಿಯ ಹಾಗೆ. ಪಿಯು ಒಪ್ಪುವ ಜಾಗ ಇದು. ಗಾಡಿ ಅತ್ತಿತ್ತ ತೊನೆಯುವುದು ಕಡಿಮೆಯಾಗುತ್ತದೆ, ಲೋಡ್ ಹೊತ್ತಾಗ ಬುಷ್ ಚಪ್ಪಟೆಯಾಗುವುದಿಲ್ಲ. ಗ್ರೀಸ್ ನಿಪ್ಪಲ್ ಇರುವ ಪಿನ್ ಹಾಕಿಕೊಂಡು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಗ್ರೀಸ್ ಗನ್ ಹಿಡಿಯುವ ಶಿಸ್ತು ಇದ್ದರೆ ಮಾತ್ರ. ಆ ಶಿಸ್ತು ಇಲ್ಲದಿದ್ದರೆ ರಬ್ಬರ್ ಹಾಕಿ ಮರೆತುಬಿಡುವುದೇ ವಾಸಿ. ಹಳೆಯ ಸಿಜೆ ಜೀಪುಗಳಲ್ಲಿ ಯು ಆಕಾರದ ಶ್ಯಾಕಲ್ಲಿಗೆ ಎಳೆ (ಥ್ರೆಡ್) ಹಾಕಿದ ಲೋಹದ ಬುಷ್ ಇರುತ್ತಿತ್ತು. ಗ್ರೀಸ್ ಗನ್ ಹಿಡಿದವರ ನಿಯತ್ತೇ ಅದರ ಆಯಸ್ಸು.

ಇದೇ ಜಾಗಕ್ಕೆ ನಮ್ಮ ಲೇತ್‌ಗಳಲ್ಲಿ ನೈಲಾನ್ ಸರಳು ಕಡೆದು ಬುಷ್ ಮಾಡಿಕೊಡುತ್ತಾರೆ. ಅಗ್ಗ, ಅರ್ಧ ಗಂಟೆಯ ಕೆಲಸ. ಬಯಲುಸೀಮೆಯ ಒಣ ರಸ್ತೆಯಲ್ಲಿ ಲೋಡ್ ಹೊರುವ ಗಾಡಿಗೆ ನಡೆಯುತ್ತದೆ. ಘಟ್ಟದಲ್ಲಿ ಕೈಕೊಡುತ್ತದೆ, ಯಾಕೆಂದರೆ ನೈಲಾನ್ ನೀರು ಕುಡಿಯುತ್ತದೆ. ಸಾಮಾನ್ಯ ನೈಲಾನ್ 6 ಪೂರ್ತಿ ನೆನೆದರೆ ತನ್ನ ತೂಕದ ನೂರಕ್ಕೆ ಸುಮಾರು 9ರಷ್ಟು ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಪಿನ್ನಿಗೆ ಬಿಗಿಯಾಗಿ ಕೂರುವಂತೆ ಕಡೆದ ಬುಷ್ ಆಷಾಢದಲ್ಲಿ ಪಿನ್ನನ್ನೇ ಹಿಡಿದುಕೊಳ್ಳುತ್ತದೆ. ಶ್ಯಾಕಲ್ ಆಡದೆ ಪ್ಲೇಟು ಕಲ್ಲಿನಂತಾಗುತ್ತದೆ. ಸಡಿಲ ಕಡೆದರೆ ಬೇಸಿಗೆಯಲ್ಲಿ ಲೊಟಲೊಟ. ಕಡೆಸಲೇಬೇಕೆಂದಿದ್ದರೆ ಅಸಿಟಾಲ್ ಸರಳು ಕೇಳಿ, ಅಂಗಡಿಯಲ್ಲಿ ಡೆಲ್ರಿನ್ ಅನ್ನುತ್ತಾರೆ. ಅದು ಹೀರುವ ನೀರು ನೂರಕ್ಕೆ 1ರ ಒಳಗೇ. ಆದರೆ ಎರಡಕ್ಕೂ ಬಾಗುವ ಗುಣ ಇಲ್ಲ. ಒಂದು ಚಕ್ರ ದಿಣ್ಣೆಗೇರಿ ಇನ್ನೊಂದು ಚರಂಡಿಗಿಳಿದು ಪ್ಲೇಟು ಹುರಿಗೊಂಡಾಗ ಅಂಚು ಸಿಡಿಯುತ್ತದೆ, ಇಲ್ಲವೇ ಪ್ಲೇಟಿನ ಕಣ್ಣೇ ಅಗಲವಾಗುತ್ತದೆ. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಲಾರಿಗೆ ಸರಿ, ವಾರವಾರ ಗ್ರೀಸ್ ಕಾಣುವ ಗಾಡಿಗೆ ಸರಿ. ಸವಾರಿ ಗಾಡಿಗೆ ಬೇಡ.

ಪ್ಯಾನ್‌ಹಾರ್ಡ್ ರಾಡು, ಅಂದರೆ ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲ್ ಎಡಬಲಕ್ಕೆ ಸರಿಯದಂತೆ ಅಡ್ಡಕ್ಕೆ ಹಿಡಿಯುವ ಸರಳು. ಇದರ ಬುಷ್ ಸ್ವಲ್ಪ ಸಡಿಲವಾದರೂ 60–80 ಕಿ.ಮೀ. ವೇಗದಲ್ಲಿ ಒಂದು ಗುಂಡಿ ತಗುಲಿ ಸ್ಟಿಯರಿಂಗ್ ಗಡಗಡ ನಡುಗಿಬಿಡುತ್ತದೆ. ಬ್ರೇಕ್ ಹಿಡಿದು ನಿಲ್ಲಿಸುವವರೆಗೂ ಬಿಡುವುದಿಲ್ಲ. ಪರೀಕ್ಷೆ ಸುಲಭ. ಚಕ್ರಗಳು ನೆಲದ ಮೇಲಿರಲಿ, ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟಿಯರಿಂಗನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ ಅತ್ತಿತ್ತ ಆಡಿಸುತ್ತಿರಬೇಕು, ಇನ್ನೊಬ್ಬರು ಪಕ್ಕದಿಂದ ರಾಡಿನ ಎರಡೂ ತುದಿಯಲ್ಲಿ ಬೆರಳಿಟ್ಟು ನೋಡಬೇಕು. ಬೋಲ್ಟಿಗೂ ಕಣ್ಣಿಗೂ ನಡುವೆ ಜಿಗಿತ ಬೆರಳಿಗೆ ತಗುಲುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟಿರಿ. ರಾಡು ಉದ್ದ ಇರುವುದರಿಂದ ಕೋನದ ಬದಲಾವಣೆ ಕಡಿಮೆ. ಇಲ್ಲಿ 75–80ರ ಪಿಯು ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಟಿಯರಿಂಗ್ ಚುರುಕಾಗುತ್ತದೆ.

ಈಗ ಬಂತು ಎಲ್ಲರೂ ಎಡವುವ ಜಾಗ, ರೇಡಿಯಸ್ ಆರ್ಮ್, ಅಂದರೆ ಆಕ್ಸಲ್ಲನ್ನು ಚಾಸಿಗೆ ಉದ್ದಕ್ಕೆ ಹಿಡಿಯುವ ತೋಳು. 2023ರಲ್ಲಿ ಇಲ್ಲಿ ಬಂದ ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಹಿಡಿದಿರುವುದು ಇಂಥ ಎರಡು ತೋಳು. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಮರಳಿನಲ್ಲಿ ಓಡಿಸುವ 80ರ ಸರಣಿಯ ಲ್ಯಾಂಡ್ ಕ್ರೂಸರ್ ಕೂಡ ಇದೇ ಕುಲ. ಪ್ರತಿ ತೋಳಿಗೂ ಆಕ್ಸಲ್ ತುದಿಯಲ್ಲಿ ಒಂದರ ಹಿಂದೆ ಒಂದು ಎರಡು ಬುಷ್, ಚಾಸಿ ತುದಿಯಲ್ಲಿ ಒಂದು. ಆಕ್ಸಲ್ ತುದಿಯ ಆ ಎರಡು ಬುಷ್ ಸೇರಿ ತೋಳನ್ನು ಹೌಸಿಂಗಿಗೆ (ಆಕ್ಸಲ್ಲಿನ ಉಕ್ಕಿನ ಹೊರಕವಚಕ್ಕೆ) ಹೆಚ್ಚುಕಡಿಮೆ ಬೆಸುಗೆ ಹಾಕಿದ ಹಾಗೆ ಹಿಡಿದಿರುತ್ತವೆ. ಚಕ್ರಗಳ ನಡುವೆ 1,400 ಮಿ.ಮೀ. ಅಂತರ, ಕೊರಕಲಿನಲ್ಲಿ ಎಡ ಚಕ್ರ 150 ಮಿ.ಮೀ. ಮೇಲೆ, ಬಲ ಚಕ್ರ 150 ಮಿ.ಮೀ. ಕೆಳಗೆ ಎಂದುಕೊಳ್ಳಿ. ಆಕ್ಸಲ್ 12 ಡಿಗ್ರಿ ವಾಲಿತು. ಎಡ ತೋಳು ಹೌಸಿಂಗನ್ನು ಮುಂದಕ್ಕೆ ತಿರುಚಿದರೆ ಬಲ ತೋಳು ಹಿಂದಕ್ಕೆ ತಿರುಚುತ್ತದೆ. ಉಕ್ಕಿನ ಹೌಸಿಂಗ್ ಹುರಿಗೊಳ್ಳುವುದಿಲ್ಲ. ಆ ಅಷ್ಟೂ ತಿರುಚಾಟವನ್ನು ನುಂಗಬೇಕಾದ್ದು ಆ ನಾಲ್ಕು ಬುಷ್‌ಗಳ ರಬ್ಬರ್. ಅದಕ್ಕೇ ಕಂಪನಿಯವರು ಅಲ್ಲಿ ದಪ್ಪನೆಯ, ಮೆತ್ತನೆಯ ರಬ್ಬರ್ ಇಟ್ಟಿರುವುದು. ಅದು ಜಿಪುಣತನವಲ್ಲ, ಲೆಕ್ಕಾಚಾರ.

ಅಲ್ಲಿಗೆ 90ರ ಪಿಯು ಹಾಕಿದರೆ ಏನಾಗುತ್ತದೆ? ಆಕ್ಸಲ್ ಆಡುವುದಿಲ್ಲ. ಕೊರಕಲಿನಲ್ಲಿ ಮೊದಲು ನೆಲ ಹಿಡಿಯುತ್ತಿದ್ದ ಚಕ್ರ ಗಾಳಿಯಲ್ಲಿ ತಿರುಗುತ್ತದೆ. ದುಡ್ಡು ಕೊಟ್ಟು ಕೊಂಡ ಫೋರ್ ವೀಲ್ ಡ್ರೈವಿನ ಅರ್ಧ ಶಕ್ತಿ ಹೋಯಿತು. ನುಂಗದೆ ಉಳಿದ ತಿರುಚಾಟ ತೋಳಿನ ಬೋಲ್ಟಿಗೆ, ಹೌಸಿಂಗಿನ ಬ್ರಾಕೆಟ್ ಬೆಸುಗೆಗೆ ಹೋಗುತ್ತದೆ. ಅಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಂಡರೆ ಪೇಂಟಿನ ಮೇಲೆ ತುಕ್ಕಿನ ಕೆಂಪು ಗೆರೆಯಾಗಿ ಮೊದಲು ಕಾಣುತ್ತದೆ. ತೊಳೆದಾಗಲೆಲ್ಲ ಆ ಬೆಸುಗೆಯ ಸಾಲು ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಬುಷ್ ಸತ್ತರೆ ಹೊಸ ಬುಷ್, ಹೌಸಿಂಗ್ ಬಿರಿದರೆ ಕಥೆಯೇ ಬೇರೆ. ರೇಡಿಯಸ್ ಆರ್ಮಿನ ಆಕ್ಸಲ್ ತುದಿಗೆ ಕಂಪನಿಯ ರಬ್ಬರ್ ಬಿಟ್ಟು ಬೇರೇನನ್ನೂ ಹಾಕಬಾರದು ಎಂಬುದು ಈ ಪತ್ರದ ಖಚಿತ ಅಭಿಪ್ರಾಯ. ಚಾಸಿ ತುದಿಗೆ ಬೇಕಿದ್ದರೆ 70ರ ಪಿಯು ಪ್ರಯತ್ನಿಸಬಹುದು.

ಲಿಫ್ಟ್ ಕಿಟ್ ಹಾಕಿದವರಿಗೆ ಇನ್ನೊಂದು ಮಾತು. ರೇಡಿಯಸ್ ಆರ್ಮಿನ ಗಾಡಿಯನ್ನು 2 ಇಂಚು, ಅಂದರೆ 50 ಮಿ.ಮೀ. ಎತ್ತಿದರೆ 700 ಮಿ.ಮೀ. ತೋಳು ಸುಮಾರು 4 ಡಿಗ್ರಿ ಇಳಿಮುಖವಾಗುತ್ತದೆ, ಆಕ್ಸಲ್ಲೂ ಅದರ ಜೊತೆಗೇ ತಿರುಗಿ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಷ್ಟೇ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ಹೈವೇಯಲ್ಲಿ ಗಾಡಿ ಅಲೆಯುತ್ತದೆ. ತೂತು ನಡುವಿನಿಂದ ಪಕ್ಕಕ್ಕಿರುವ ಕ್ಯಾಸ್ಟರ್ ಬುಷ್ ಹಾಕಿ ಸರಿಮಾಡುವುದುಂಟು. ಆದರೆ ಹಾಗೆ ತೂತು ಸರಿದ ಕಡೆ ವಸ್ತು ತೆಳ್ಳಗಾಗಿ ಬೇಗ ಹರಿಯುತ್ತದೆ. 2 ಇಂಚಿಗಿಂತ ಹೆಚ್ಚು ಎತ್ತುವುದಾದರೆ ತೋಳಿನ ಬ್ರಾಕೆಟ್ಟನ್ನೇ ಕೆಳಗಿಳಿಸಬೇಕು, ಬುಷ್‌ನಿಂದ ಆಗುವ ಕೆಲಸವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿನ್ಯಾಸ ಬದಲಿಸುವುದು ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದನ್ನೂ ಲಿಫ್ಟ್ ಪ್ರಿಯರು ಮರೆಯದಿರಲಿ.

ಮುಂದಿನ ಚಕ್ರಗಳಿಗೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು) ಇರುವ ಈಗಿನ ಥಾರ್, ಗೂರ್ಖಾ, ಫಾರ್ಚುನರ್‌ಗಳಲ್ಲಿ ತೋಳು ಬಾಗಿಲಿನಂತೆ ಒಂದೇ ಅಕ್ಷದಲ್ಲಿ ಆಡುತ್ತದೆ, ಪಿಯು ತತ್ವದಲ್ಲಿ ಒಪ್ಪುತ್ತದೆ. ಆದರೆ ಕೆಳತೋಳಿನ ಬುಷ್ ಕೆಲವು ಗಾಡಿಗಳಲ್ಲಿ ಬೇಕೆಂದೇ ರಬ್ಬರಿನ ನಡುವೆ ಖಾಲಿ ಜಾಗ ಬಿಟ್ಟು ಮಾಡಿದ್ದಿರುತ್ತದೆ. ಗುಂಡಿಗೆ ಬಿದ್ದಾಗ ಚಕ್ರ ಒಂದಿಷ್ಟು ಹಿಂದಕ್ಕೆ ಸರಿಯಲಿ ಎಂದು. ಇಂಥದ್ದರ ಮೈಮೇಲೆ ಬಾಣದ ಗುರುತೋ ಗೀರೋ ಇರುತ್ತದೆ. ಹಳೆಯದು ಕೀಳುವ ಮೊದಲೇ ತೋಳಿನ ಮೇಲೆ ಅದರ ಎದುರಿಗೆ ಚಾಕಿನಲ್ಲಿ ಗೆರೆ ಎಳೆದುಕೊಳ್ಳಿ. ಕಾಲು ಸುತ್ತು ತಪ್ಪಿ ಕೂರಿಸಿದರೆ ಹೊಸ ಬುಷ್ ಹರಿಯುವುದಕ್ಕೆ ಹೆಚ್ಚು ದಿನ ಬೇಡ. ಹಿಂದಿನ ಆಕ್ಸಲ್ಲಿನ ಮಲ್ಟಿಲಿಂಕ್ ತೋಳುಗಳು ಎರಡೂ ದಿಕ್ಕಿಗೆ ಹೊರಳುತ್ತವೆ, ಅಲ್ಲಿ ರಬ್ಬರ್. ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವ ಸರಳಿನ) ಬುಷ್ ಪಿಯುಗೆ ಹೇಳಿ ಮಾಡಿಸಿದ್ದು. ಅಗ್ಗ, ಎರಡು ಬೋಲ್ಟ್ ಬಿಚ್ಚಿದರೆ ಕೆಲಸ ಮುಗಿಯಿತು. ಪಿಯು ಆಸೆ ಇದ್ದವರು ಅಲ್ಲಿಂದ ಶುರುಮಾಡಲಿ. ಶಾಕ್ ಅಬ್ಸಾರ್ಬರಿಗೆ ರಬ್ಬರೇ ಸಾಕು. ಮೇಲ್ತುದಿಯಲ್ಲಿ ನಟ್ ಬಿಗಿಯುವಾಗ ರಬ್ಬರ್ ಉಬ್ಬಿ ವಾಷರಿನ ಅಂಚಿಗೆ ಬಂತೋ, ಅಲ್ಲಿಗೆ ನಿಲ್ಲಿಸಿ. ಬಾಡಿ ಮೌಂಟಿಗೆ (ಬಾಡಿ ಚಾಸಿಯ ಮೇಲೆ ಕೂರುವ ಜಾಗಕ್ಕೆ) ಪಿಯು ಹಾಕಿ ಕ್ಯಾಬಿನ್ ತುಂಬಾ ಗುಂಯ್‌ಗುಟ್ಟಿಸಿಕೊಳ್ಳುವುದು ಯಾಕೋ ಅರ್ಥವಾಗದ ಶೋಕಿ.

ಕೀಳುವ, ಕೂರಿಸುವ ಬಗ್ಗೆ. ಗ್ಯಾಸ್ ಕಟರಿನ ಬೆಂಕಿ ಕೊಟ್ಟು ಬುಷ್ ಸುಟ್ಟು ತೆಗೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಪ್ಲೇಟಿನ ಕಣ್ಣು ಕೆಂಪಾದರೆ ಹದ ಕೊಟ್ಟ ಉಕ್ಕು ಹಾಳು. ಅದಕ್ಕಿಂತ ಮುಖ್ಯವಾಗಿ, ಉರಿಯುವ ಪಿಯು ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಬೆಂಕಿ ಹಿಡಿಯುವುದು ಸಾಮಾನ್ಯವಾಗಿ ಗ್ಯಾರೇಜಿನ ಚಿಕ್ಕ ಹುಡುಗ, ಮುಚ್ಚಿದ ಶೆಡ್ಡಿನಲ್ಲಿ. ಪ್ರೆಸ್ ಇಲ್ಲದಿದ್ದರೆ ರಬ್ಬರನ್ನು ಡ್ರಿಲ್ಲಿನಲ್ಲಿ ನಾಲ್ಕೈದು ಕಡೆ ತೂತು ಮಾಡಿ ನಡುವಿನ ಕೊಳವೆ ಹೊಡೆದು ತೆಗೆಯಿರಿ. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ಕಣ್ಣಿನೊಳಗೆ ತೂರಿಸಿ ಚಿಪ್ಪಿಗೆ ಉದ್ದಕ್ಕೆ ಒಂದು ಸೀಳು ಹಾಕಿ, ಉಳಿಯಿಂದ ಒಳಕ್ಕೆ ಮಡಚಿದರೆ ಬಂದುಬಿಡುತ್ತದೆ. ಬ್ಲೇಡು ಚಿಪ್ಪು ದಾಟಿ ಕಣ್ಣಿಗೆ ತಗುಲದಿರಲಿ. ಕಣ್ಣಿನ ಒಳಗೆ ತುಕ್ಕು ಎಮರಿ ಕಾಗದದಲ್ಲಿ ತೆಗೆದು, ವರ್ನಿಯರಿನಲ್ಲಿ ಅಡ್ಡ ಉದ್ದ ಎರಡೂ ಅಳೆಯಿರಿ. ಅಂಡಾಕಾರ ಆಗಿದ್ದರೆ ಯಾವ ವಸ್ತು ಹಾಕಿದರೂ ನಿಲ್ಲುವುದಿಲ್ಲ.

ಹೊಸ ರಬ್ಬರ್ ಬುಷ್ಷನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಿಗ್ಗೆ ಸಲೀಸಾಗಿ ಹೋಗುತ್ತದೆ. ಒತ್ತಬೇಕಾದ್ದು ಹೊರಚಿಪ್ಪಿನ ಅಂಚನ್ನು, ಅದಕ್ಕೆ ಸರಿಯಾದ ಅಳತೆಯ ಪೈಪ್ ತುಂಡು ಇಟ್ಟು. ನಡುವಿನ ಕೊಳವೆಗೆ ಸುತ್ತಿಗೆ ಬಿದ್ದರೆ ಅಂಟು ಅಲ್ಲೇ ಬಿಟ್ಟಿತು. ಜಾರಿಸಲು ಸೋಪಿನ ನೀರು, ಇಲ್ಲವೇ ಬ್ರೇಕ್ ರಬ್ಬರಿಗೆ ಹಚ್ಚುವ ಕೆಂಪು ಗ್ರೀಸ್. ಅದು ಹರಳೆಣ್ಣೆ ಮೂಲದ್ದು, ರಬ್ಬರಿಗೆ ಹಾನಿಯಿಲ್ಲ. ಪಿಯು ಹಾಕುವಾಗ ಕೊಳವೆಯನ್ನು ಹೋಳುಗಳ ಒಳಗೆ ತೂರಿಸಿ ನೋಡಿ. ಎರಡೂ ಕಡೆ ಕೂದಲೆಳೆಯಷ್ಟಾದರೂ ಕೊಳವೆ ಹೊರಗೆ ನಿಲ್ಲಬೇಕು. ಇಲ್ಲದಿದ್ದರೆ ಬೋಲ್ಟ್ ಹಿಂಡುವುದು ಪಿಯುವನ್ನು, ಆಗ ಅದು ತಿರುಗಲಾರದೆ ಹರಿಯುತ್ತದೆ. ಹಳೆಯ ಬುಷ್ಷಿನ ಚಿಪ್ಪು ಕಣ್ಣಿನಲ್ಲೇ ಉಳಿಯಬೇಕೋ ತೆಗೆಯಬೇಕೋ ಎಂಬುದು ಕಿಟ್ಟಿನಿಂದ ಕಿಟ್ಟಿಗೆ ಬೇರೆ, ಜೊತೆಗೆ ಬಂದ ಚೀಟಿ ಓದದೆ ಕೈ ಹಾಕಬೇಡಿ. ಬೋಲ್ಟ್ ಬದಲಿಸುವುದಾದರೆ ತಲೆಯ ಮೇಲೆ 10.9 ಅಥವಾ ಮೂಲದ್ದರಲ್ಲಿದ್ದ ಅಂಕೆಯೇ ಇರಲಿ. 500 ಕಿ.ಮೀ. ಓಡಿದ ಮೇಲೆ ಒಮ್ಮೆ ಬಿಗಿ ನೋಡಿ, ವೀಲ್ ಅಲೈನ್‌ಮೆಂಟ್ ಮಾಡಿಸಿ.

ಕೊಡಚಾದ್ರಿ, ಮಾಂದಲಪಟ್ಟಿಗೆ ದಿನವೂ ಜನ ತುಂಬಿಕೊಂಡು ಹತ್ತುವ ಬಾಡಿಗೆ ಜೀಪುಗಳವರು ಮಾತ್ರ ಇದನ್ನೆಲ್ಲ ವಿಶೇಷವಾಗಿ ಗಮನಿಸಬೇಕು. ಅಲ್ಲಿ ಶ್ಯಾಕಲ್ ಪಿನ್ ಕೈಕೊಟ್ಟರೆ ಪಕ್ಕದಲ್ಲಿರುವುದು ಪ್ರಪಾತ. ವಾರಕ್ಕೊಮ್ಮೆ ಪ್ಲೇಟಿನ ಕಣ್ಣುಗಳಿಗೆ ಟಾಮಿ ಕೊಟ್ಟು ಮೀಟಿ ನೋಡುವುದಕ್ಕೆ ಕಾಲು ಗಂಟೆ ಸಾಕು.

ಕೊನೆಯದಾಗಿ ಬಿಡಿಭಾಗ ಮಾಡುವವರಲ್ಲಿ ಮತ್ತು ಮಾರುವವರಲ್ಲಿ ಒಂದು ಬೇಡಿಕೆ. ಟೈರಿನ ಪಕ್ಕೆಯ ಮೇಲೆ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕೆಯಲ್ಲಿ ಅಚ್ಚಾಗಿರುತ್ತದೆ. ಬುಷ್‌ನ ಪೊಟ್ಟಣದ ಮೇಲೆ ‘ಹೆವಿ ಡ್ಯೂಟಿ’ ಎಂಬ ಎರಡು ಪದ ಬಿಟ್ಟರೆ ಎಷ್ಟೋ ಸಲ ಏನೂ ಇರುವುದಿಲ್ಲ. ವಸ್ತು ಯಾವುದು, ಪಿಯು ಆದರೆ ಈಥರ್ ಮೂಲದ್ದೋ ಎಸ್ಟರ್ ಮೂಲದ್ದೋ, ಶೋರ್ ಎಷ್ಟು, ತಯಾರಾದ ತಿಂಗಳು ವರ್ಷ ಯಾವುದು, ಈ ನಾಲ್ಕನ್ನು ಅಚ್ಚು ಹಾಕಲು ಹೆಚ್ಚು ಖರ್ಚೇನೂ ಇಲ್ಲ. ಅದು ಬರುವವರೆಗೆ ಕೊಳ್ಳುವವರು ಕೌಂಟರಿನಲ್ಲೇ ಪೊಟ್ಟಣ ಒಡೆದು, ಉಗುರು ಒತ್ತಿ, ರಬ್ಬರನ್ನು ಸ್ವಲ್ಪ ಬಗ್ಗಿಸಿ ಬಿರುಕು ಕಾಣುತ್ತದೆಯೇ ನೋಡಿ, ಕೊಳವೆ ನಡುವಿಗೆ ಸರಿಯಾಗಿದೆಯೇ ಎಂದು ವರ್ನಿಯರ್ ಹಿಡಿಸಿ ತೆಗೆದುಕೊಳ್ಳಲಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಇಂತಿ,
ಒಬ್ಬ ಓದುಗ, ಸಕಲೇಶಪುರ